ಧೂಮಕೇತುವಿನ ಯಂತ್ರಕ್ಕೆ ನಾಲ್ಕು ತೂತು

ಬಾಲಚುಕ್ಕಿ ಸಂಜೆ ಹೊತ್ತು ಬರಿಗಣ್ಣಿಗೆ ಕಾಣುತ್ತಿದ್ದ ಆ ವರ್ಷ, ತೊಂಬತ್ತರ ದಶಕದ ಕೊನೆಯ ಕಡೆ, ನಾನು ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಪೈಕಿಯಲ್ಲ, ತಯಾರಾದ ಭಾಗಗಳನ್ನು ಅಳೆದು ಪಾಸು, ಫೇಲು ಅನ್ನುವವನು. ಜನವರಿಯಲ್ಲಿ ನನ್ನ ಹೆಂಡತಿ ಕಾಮಾಲೆಯಿಂದ ತೀರಿಕೊಂಡಿದ್ದಳು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡುತ್ತಾರೆ, ಸೂತಕ ಹಿಡಿಯುವುದಿಲ್ಲ. ಹಾಗಾಗಿ ಹಾವೇರಿಯಲ್ಲಿ ಮಣ್ಣು ಮಾಡಿ ಬಂದವನು ವಾರ ಕಳೆಯುವ ಮೊದಲೇ ಕೆಲಸಕ್ಕೆ ಹಾಜರಾದೆ. ನನ್ನ ಪಕ್ಕ ಕೂತು ಊಟ ಮಾಡಬಹುದೋ ಬಾರದೋ ಅನ್ನುವ ಅನುಮಾನ ಶಾಪಿನವರಿಗೆ. ನನಗೆ ದುಃಖವಾಗುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೇ.

ಆಗ ಶಾಪಿಗೆ ಬಂದಿದ್ದ ಕೆಲಸವೇ ವಿಚಿತ್ರದ್ದು. ಹೊರದೇಶದ ಒಂದು ಕಂಪನಿಗೆ ಧೂಮಕೇತುವಿನ ಮೇಲೆ ಇಳಿದು, ಅಲ್ಲಿನ ಹಿಮವನ್ನು ಕೊರೆದು ತೆಗೆಯುವ ಹುಚ್ಚು. ಭೂಮಿಯಿಂದ ಅಂತರಿಕ್ಷಕ್ಕೆ ನೀರು ಹೊತ್ತುಕೊಂಡು ಹೋಗುವುದು ದುಬಾರಿಯಂತೆ. ಅಲ್ಲೇ ಸಿಕ್ಕರೆ ಕುಡಿಯಲೂ ಆಯಿತು, ಜಲಜನಕ, ಆಮ್ಲಜನಕವಾಗಿ ಒಡೆದು ಇಂಧನ ಮಾಡಿಕೊಳ್ಳಲೂ ಆಯಿತು. ಮುಂದೆ ಬರುವ ಧೂಮಕೇತುಗಳ ದಾರಿ ಲೆಕ್ಕ ಹಾಕಲು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅವರದೊಂದು ಸಣ್ಣ ಆಫೀಸು, ಕೊರೆಯುವ ಯಂತ್ರದ ಮಾದರಿ ಮಾಡಲು ಪೀಣ್ಯದಲ್ಲಿ ನಾವು. ಮಾಲೀಕರು ನಕ್ಷೆಗಳನ್ನು ಮೇಜಿನ ಮೇಲೆ ಹರಡಿ, "ಆಕಾಶಕ್ಕೆ ಏಣಿ ಹಾಕೋರ್ನ ಕೇಳಿದ್ದೆ, ಡ್ರಿಲ್ ಹಾಕೋರ್ನ ಈಗ್ಲೇ ಕಣ್ರೀ ನೋಡ್ತಿರೋದು" ಎಂದು ನಕ್ಕರು. ಯಂತ್ರ ಪರೀಕ್ಷೆ ಮಾಡುವ ಕೆಲಸ ನನಗೆ ಬಂತು.

ಧೂಮಕೇತುವಿನ ಹಿಮ ಶುದ್ಧವಲ್ಲ, ಅರ್ಧ ದೂಳು. ಅದಕ್ಕೆ ಪಕ್ಕದ ಫೌಂಡ್ರಿಯ ಸುಟ್ಟ ಮರಳನ್ನು ನೀರಿಗೆ ಕಲಸಿ, ಐಸ್ ಫ್ಯಾಕ್ಟರಿಯಲ್ಲಿ ಗಟ್ಟಿ ಮಾಡಿಸಿ, ಗೋಣಿಚೀಲ ಸುತ್ತಿ ತರಿಸುತ್ತಿದ್ದೆವು. ಆ ಕಪ್ಪು ದಿಮ್ಮಿಗಳನ್ನು ಬರಿಗೈಯಲ್ಲೇ ಎತ್ತಿ ಇಡುತ್ತಿದ್ದೆ. ಕೈಗವಸು ಕೊಟ್ಟರೂ ಹಾಕಿಕೊಳ್ಳುತ್ತಿರಲಿಲ್ಲ. ಬೆರಳು ಮರಗಟ್ಟಿದರೆ ಹಾಯೆನಿಸುತ್ತಿತ್ತು.

ಮನೆ ಟಿ. ದಾಸರಹಳ್ಳಿಯಲ್ಲಿ. ಮಗಳಿಗೆ ಐದು ತುಂಬಿತ್ತು. ಅವಳನ್ನು ನೋಡಿಕೊಳ್ಳಲು ಹಾವೇರಿಯಿಂದ ಅತ್ತೆ ಬಂದಿದ್ದರು. ಏಪ್ರಿಲ್‌ನ ಒಂದು ಸಂಜೆ ಎಲ್ಲರೂ ತಾರಸಿಗೆ ಹೋದೆವು. ಕಾರ್ಖಾನೆಗಳ ಚಿಮಣಿಯ ಮೇಲೆ, ಪಶ್ಚಿಮದಲ್ಲಿ, ಬಾಲಚುಕ್ಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲಿನ ಮನೆಯ ಅಕ್ಕ ಕೆನ್ನೆಗೆ ಬಡಿದುಕೊಂಡು, "ಇದು ಬಂದ್ಮೇಲೇ ಕಣಮ್ಮಾ ನಿಮ್ಮನೇಲಿ ಹಿಂಗಾಗಿದ್ದು. ಬಾಲ ಇರೋದು ಯಾರನ್ನಾದ್ರೂ ತಗೊಂಡೇ ಹೋಗೋದು" ಎಂದರು.

"ಚುಕ್ಕಿಗೆ ಯಾಕ ಹಚ್ಚತೀರಿ?" ಅತ್ತೆ ಮುಖ ತಿರುಗಿಸದೆ ಹೇಳಿದರು. "ನಮ್ಮ ಮಂದಿಗೆ ಚುಕ್ಕಿ, ರಾಹುಕಾಲ ಯಾವೂ ಇಲ್ಲ. ನನ್ನ ಮಗಳು ಕಾಮಾಲಿ ಆಗಿ ಹೋದ್ಲು."

ಮಗಳು ನನ್ನ ಅಂಗಿ ಜಗ್ಗಿ, ಅದರಲ್ಲಿ ನಿಜವಾಗಿ ನೀರಿದೆಯಾ ಎಂದು ಕೇಳಿದಳು. ಇದೆ, ಕೆರೆಗಟ್ಟಲೆ ಇದೆ ಎಂದೆ. "ಹಂಗಿದ್ರೆ ನಮ್ ಬೀದಿಗೆ ಯಾಕಪ್ಪಾ ಟ್ಯಾಂಕರ್ ಬರತ್ತೆ?" ಎಂದಳು. ಅಕ್ಕ ಜೋರಾಗಿ ನಕ್ಕರು. ನಗಬೇಕಾದ ಮಾತು ಎಂದು ನನಗೂ ಗೊತ್ತಾಯಿತು, ನಗು ಬರಲಿಲ್ಲ.

ಅತ್ತೆ ನನ್ನನ್ನು ಗಮನಿಸಿದ್ದಿರಬೇಕು. ಮರುದಿನ ರೊಟ್ಟಿ ಬಡಿಯುತ್ತಾ, ರಜೆಗೆ ಮಗಳನ್ನು ಹಾವೇರಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. "ಸಾಲಿ ಚಾಲೂ ಆಗೂದ್ರಾಗ ಬಂದು ಕರಕೊಂಡು ಹೋಗ್ರಿ. ಬರಲಿಲ್ಲ ಅಂದ್ರ ನಾವು ಅಲ್ಲೇ ಸಾಲಿಗೆ ಹೆಸರು ಹಚ್ಚತೀವಿ. ಕೂಸು ಅರ್ಧಾ ಅಲ್ಲಿ ಅರ್ಧಾ ಇಲ್ಲಿ ಆಗಬಾರದು ನೋಡ್ರಿ."

ಮಾತು ನೇರವಾಗಿತ್ತು. ಜೂನ್‌ಗೆ ಮೊದಲು ಹೋದರೆ ಮಗಳು ನನ್ನವಳು, ಇಲ್ಲದಿದ್ದರೆ ಅವರ ಮನೆಯವಳು. ಸಂಜೆ ಆರಕ್ಕೆ ನಾನು ಮನೆ ಸೇರುವುದಾದರೆ ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುತ್ತೇನೆ ಎಂದು ಮೇಲಿನ ಮನೆಯ ಅಕ್ಕ ಒಪ್ಪಿದರು. ಯಂತ್ರ ಮೇ ಮಧ್ಯದಲ್ಲಿ ಮುಗಿಯಬೇಕಿತ್ತು. ಮಗಳನ್ನು ಬಸ್ ಹತ್ತಿಸುವಾಗ ಅವಳೂ ಅಳಲಿಲ್ಲ, ನಾನೂ ಅಳಲಿಲ್ಲ.

ಯಂತ್ರ ಹೇಳಿದ ವೇಳೆಗೇ ಮುಗಿಯಿತು. ಎಷ್ಟು ಚೆನ್ನಾಗಿ ಕೊರೆಯುತ್ತಿತ್ತೆಂದರೆ, ಕಪ್ಪು ಹಿಮದೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಿಂದ ಒಬ್ಬ ಮೇಡಂ ನೋಡಲು ಬಂದರು. ಧೂಮಕೇತುವಿನ ದಾರಿ ಲೆಕ್ಕ ಹಾಕುವವರು ಅವರೇ. ಪರೀಕ್ಷೆ ಮುಗಿದ ಮೇಲೆ ಮಾಲೀಕರು ಕಾಫಿ ತರಿಸಿದರು. ಮೇಡಂ ಲೋಟ ಮುಟ್ಟದೆ ಯಂತ್ರದ ತಳದ ಹತ್ತಿರ ಬಗ್ಗಿ, "ಇದೇನು ಸಾರ್ ಇದು, ಬೋಲ್ಟು?" ಎಂದರು.

ಪೀಣ್ಯದಲ್ಲಿ ಯಾವ ಯಂತ್ರವನ್ನೂ ನೆಲಕ್ಕೆ ಬಿಗಿಯದೆ ಓಡಿಸುವುದಿಲ್ಲ. ಹೊಸ ಯಂತ್ರ ಬಂದರೆ ಮೊದಲು ಗುಂಡಿ ತೋಡಿ ಫೌಂಡೇಶನ್ ಬೋಲ್ಟು ಹಾಕುತ್ತಾರೆ, ಆಮೇಲೆ ನಿಂಬೆಹಣ್ಣು, ಕುಂಕುಮ. ನಕ್ಷೆಯಲ್ಲಿ ತಳದ ಪ್ಲೇಟಿಗೆ ತೂತುಗಳಿರಲಿಲ್ಲ. ಪಾಪ, ಫಾರಿನ್‌ನವನು ಮರೆತಿದ್ದಾನೆ ಎಂದು ನಾವೇ ನಾಲ್ಕು ಮೂಲೆಗೆ ನಾಲ್ಕು ತೂತು ಕೊರೆದು, ಯಂತ್ರವನ್ನು ಶಾಪಿನ ನೆಲಕ್ಕೆ ಬಿಗಿದಿದ್ದೆವು. ಪಾಸು ಎಂದು ಸಹಿ ಹಾಕಿದವನು ನಾನು. ಉಪಕಾರ ಮಾಡಿದ್ದೇವೆ ಎಂದೇ ಎಲ್ಲರೂ ತಿಳಿದಿದ್ದೆವು.

"ಅಲ್ಲಿ ಬೋಲ್ಟ್ ಹಾಕೋಕೆ ಯಾರಿದ್ದಾರೆ ಸಾರ್?" ಮೇಡಂ ಮೆಲ್ಲಗೆ ಕೇಳಿದರು. "ಈ ಮಷಿನ್‌ಗೆ ಅಲ್ಲಿ ಒಂದು ಚಮಚ ಸಕ್ಕರೆಯಷ್ಟು ತೂಕ ಇದ್ರೆ ಹೆಚ್ಚು. ಬೋಲ್ಟ್ ಬಿಚ್ಚಿ, ಚೈನಿಗೆ ನೇತು ಹಾಕಿ ನಡೆಸಿ ನೋಡಿ."

ಬಿಚ್ಚಿದೆವು. ಸರಪಳಿಗೆ ನೇತುಹಾಕಿ, ಹಿಮದ ದಿಮ್ಮಿಗೆ ತಾಗುವಂತೆ ಇಟ್ಟು ಸ್ವಿಚ್ ಒತ್ತಿದೆ. ಡ್ರಿಲ್ಲಿನ ಮೊನೆ ಹಿಮದಲ್ಲಿ ಕಚ್ಚಿಕೊಂಡು ನಿಂತಿತು. ಯಂತ್ರವೇ ಗಿರ್ರನೆ ತಿರುಗತೊಡಗಿತು. ಆಮೇಲೆ ಕಳಚಿಕೊಂಡು ಹಿಂದಕ್ಕೆ ತೂಗಿ ಹೋಯಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಗಿತ್ತು ನಮ್ಮ ಅಷ್ಟೂ ದಿನದ ಕೆಲಸ.

ಯಂತ್ರಕ್ಕೆ ಹಿಮವನ್ನು ತಾನೇ ಕಚ್ಚಿ ಹಿಡಿಯುವ ಉಗುರುಗಳು ಬೇಕಿದ್ದವು. ನಕ್ಷೆಯಲ್ಲಿ ಅವೂ ಇದ್ದವು. ಅವು ಸಾಗಿಸುವಾಗ ಎತ್ತಲು ಇಟ್ಟ ಕೊಕ್ಕೆಗಳು ಎಂದುಕೊಂಡು ನಾವು ತೆಳ್ಳಗೆ ಮಾಡಿಬಿಟ್ಟಿದ್ದೆವು. ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತು. ಸ್ವಲ್ಪ ಸಮಯ ಕೊಡಿ ಎಂದು ಮಾಲೀಕರು ಬೇಡಿಕೊಂಡರು.

"ನಾನು ಕೊಡ್ತೀನಿ ಸಾರ್, ಧೂಮಕೇತು ಕೊಡಲ್ಲ" ಎಂದರು ಮೇಡಂ. "ಬಿಸಿಲು ತಾಗಿ ಆವಿ ಚಿಮ್ಮಿದ್ರೆ ಅದರ ದಾರಿನೇ ಸರಿಯುತ್ತೆ. ನಾವು ದಿನಾ ಹೊಸ ಲೆಕ್ಕ ಹಾಕಬೇಕು. ಬರೋ ಹೊತ್ತಿಗೆ ನಾವು ರೆಡಿ ಇಲ್ಲ ಅಂದ್ರೆ ಅದು ಹೋಯ್ತು, ಅಷ್ಟೇ."

ಅಂದಿನಿಂದ ಎರಡು ಶಿಫ್ಟು. ಮನೆಗೆ ಬರುವಷ್ಟರಲ್ಲಿ ಬೀದಿಯೆಲ್ಲ ಮಲಗಿರುತ್ತಿತ್ತು. ಮೇಲಿನ ಮನೆಯ ಅಕ್ಕ, "ಹಿಂಗಾದ್ರೆ ಮಗೂನ ನಾನು ಹೆಂಗೆ ನೋಡ್ಕೊಳ್ಳಲಿ ಅಣ್ಣಾ?" ಎಂದು ನೊಂದುಕೊಂಡೇ ಹೇಳಿದರು. ಅವರ ಮಾತು ಸರಿಯಾಗಿತ್ತು. ಜೂನ್‌ನಲ್ಲಿ ಎಸ್‌ಟಿಡಿ ಬೂತಿನಿಂದ ಹಾವೇರಿಯ ಪಕ್ಕದ ಮನೆಗೆ ಫೋನ್ ಮಾಡಿ ಅತ್ತೆಯನ್ನು ಕರೆಸಿದೆ. "ಹೆಸರು ಹಚ್ಚೀವ್ರಿ" ಎಂದರು. "ಆಗ್ಲಿ ಬಿಡ್ರಿ" ಎಂದೆ. ಬೂತಿನಿಂದ ಹೊರಗೆ ಬಂದು ಬಾಳೆಹಣ್ಣು ತಿಂದೆ. ಏನೂ ಅನಿಸಲಿಲ್ಲ. ಏನೂ ಅನಿಸುತ್ತಿಲ್ಲವಲ್ಲ ಎಂದು ಸ್ವಲ್ಪ ಹೆದರಿಕೆಯಾಯಿತು.

ಹೊಸ ಯಂತ್ರ ಮಳೆಗಾಲ ಕಳೆಯುವ ಹೊತ್ತಿಗೆ ತಯಾರಾಯಿತು. ಸರಪಳಿಗೆ ನೇತುಹಾಕಿದರೂ ಹಿಮವನ್ನು ಬಿಡಲಿಲ್ಲ. ಆದರೆ ಅಷ್ಟರಲ್ಲಿ ಹೊರದೇಶದ ಕಂಪನಿಯೇ ಮುಚ್ಚಿತು. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಬೀಗ ಬಿತ್ತು. ಅವರು ಕಾದಿದ್ದ ಧೂಮಕೇತು ಆಮೇಲೆ ಯಾವಾಗಲೋ ತನ್ನ ಪಾಡಿಗೆ ಬಂದು ಹೋಗಿರಬೇಕು. ಮೇಡಂ ಬೇರೆ ಕೆಲಸ ಹಿಡಿದರೆಂದು ಕೇಳಿದೆ.

ಆಯುಧಪೂಜೆ ಮುಗಿದ ಮೇಲೆ ರಜೆ ಹಾಕಿ ಹಾವೇರಿಗೆ ಹೊರಟೆ. ಈಗ ಆರಕ್ಕೆ ಮನೆ ಸೇರುತ್ತಿದ್ದೆ. ಅಕ್ಕ ಮತ್ತೆ ಒಪ್ಪಿದ್ದರು, ದಾಸರಹಳ್ಳಿಯ ಶಾಲೆಯವರೂ ನಡುವೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಕೇಳಿದರೆ ಅತ್ತೆ ಕಳಿಸಿಯಾರು ಎಂದು ದಾರಿಯುದ್ದಕ್ಕೂ ನಂಬಿದ್ದೆ.

ಮಧ್ಯಾಹ್ನ ತಲುಪಿದೆ. ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಮಗಳು ಅಜ್ಜಿಯ ತೊಡೆಗೆ ಒರಗಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು, ಮೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ನಕ್ಕಳು. ಅತ್ತೆ ನನಗೂ ಒಂದು ತಟ್ಟೆ ಹಾಕಿದರು. ಮಗಳು ಸ್ವಲ್ಪ ಹೊತ್ತು ನನ್ನ ಚೀಲವನ್ನು, ನನ್ನನ್ನು ನೋಡಿ, ಅಜ್ಜಿಯ ಕಿವಿಯ ಹತ್ತಿರ ಹೋಗಿ ಕೇಳಿದಳು. ಗುಟ್ಟಾಗಿ ಕೇಳುತ್ತಿದ್ದೇನೆ ಎಂದುಕೊಂಡಿದ್ದಳು, ನನಗೆ ಕೇಳಿಸಿತು.

"ಅಜ್ಜಿ, ಅಪ್ಪ ಯಾವಾಗ ಹೋಗ್ತಾನ?"

ಅತ್ತೆ ಅವಳ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ಜನವರಿಯಿಂದ ಬಾರದ್ದು ಆಗ ಬಂತು. ಎದೆಯಲ್ಲಿ ನೋವು, ಹೆಂಡತಿ ಸತ್ತದ್ದು, ಎಲ್ಲ ಒಟ್ಟಿಗೆ. ನೀರು ಕುಡಿದು ಬಾಯಲ್ಲಿದ್ದ ತುತ್ತು ಇಳಿಸಿಕೊಂಡೆ.

"ಊಟ ಆದ ಕೂಡ್ಲೆ ಹೋಗ್ತೀನವ್ವಾ" ಎಂದೆ.

ಅವಳು ತಲೆಯಾಡಿಸಿ, ಮತ್ತೆ ರೊಟ್ಟಿ ಮುರಿದುಕೊಂಡಳು.