ಕೆನ್ನೆಯ ಮೇಲೆ ತಾಯಿಯ ಬೆರಳು

ಎಂಬತ್ತರ ದಶಕದ ಒಂದು ಮಧ್ಯಾಹ್ನ. ಬಳ್ಳಾರಿ ಕಡೆಯ ಕರೂರಿನಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸು ತಿರುವಿನಲ್ಲಿ ವಾಲಿದಾಗ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿಯ ಮುಖದ ಮೇಲಿನ ಸೆರಗು ಜಾರಿತು. ನಾನು ಬೆಚ್ಚಿಬಿದ್ದೆ. ಎರಡೂ ಕೆನ್ನೆಗಳ ಮೇಲೆ ನೀರುಗುಳ್ಳೆಗಳು ಎದ್ದಿದ್ದವು. ಅವುಗಳ ಸುತ್ತ ಯಾರೋ ಬೆರಳಿನಿಂದ ಎಳೆದಂತೆ ಕಪ್ಪು ಗೆರೆಗಳಿದ್ದವು.

"ಬೆಂಕಿ ತಾಗಿತೇನಮ್ಮಾ?" ಎಂದು ಕೇಳಿದೆ.

ಆಚೆ ಕೂತಿದ್ದ ಅವಳ ತಾಯಿ ತಲೆ ತಗ್ಗಿಸಿ ಹೇಳಿದಳು: "ಬೆಂಕಿ ಅಲ್ರಿ ಯಕ್ಕಾ, ನಾನ ಹಚ್ಚಿದ್ದು. ಗಂಡಿನ ಕಡೆಯೋರು ನೋಡಾಕ ಬರಾರದಾರ. ನಾಟಿ ಮಾಡಾಕ ಹೋದ್ರ ಬಿಸಲಿಗೆ ಕರ್ರಗಾಗ್ತಾಳಂತ ಬಳ್ಳಾರಿಯಿಂದ ಕ್ರೀಮ್ ತರಿಸಿದ್ವಿ. ಗಿಡದ ರಸದಾಗ ಮಾಡಿದ್ದು ಅಂದ್ರು. ಇನ್ನಷ್ಟು ಛಲೋ ಆಗ್ಲಿ ಅಂತ ಅದರಾಗ ಲಿಂಬಿರಸ ಕಲಸಿ ಬಳದು ಗದ್ದಿಗೆ ಕಳಿಸಿದ್ನಿ."

ನಿಂಬೆರಸ ಮೆತ್ತಿದ ಆ ಎಳೆಯ ಚರ್ಮವನ್ನು ಬಿಸಿಲು ಸುಟ್ಟುಹಾಕಿತ್ತು.

ಸಿರುಗುಪ್ಪದಲ್ಲಿ ಆಸ್ಪತ್ರೆಯ ಹತ್ತಿರ ಇಳಿಯುವಾಗ ಹುಡುಗಿ ಮೊದಲ ಸಲ ಬಾಯಿಬಿಟ್ಟಳು. ಉರಿಯ ಬಗ್ಗೆ ಒಂದು ಮಾತೂ ಇಲ್ಲ. "ಈ ಕರೀ ಕಲೆ ಹೋಗ್ತಾವೇನ್ರಿ? ಅವರು ಸೋಮವಾರ ಬರ್ತಾರ" ಎಂದಳು.

ಈಗಲೂ ಯಾರಾದರೂ ಹೆಣ್ಣು ನೋಡಿ ಬಂದು, ಚಹಾ ಹೀರುತ್ತಾ "ಹುಡುಗಿ ಛಲೋ ಅದಾಳ, ಬಣ್ಣ ಒಂಚೂರು ಕಮ್ಮಿ" ಎಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಆ ಕೆನ್ನೆಯ ಮೇಲಿದ್ದ ಗೆರೆಗಳು ತಾಯಿಯ ಬೆರಳಿನವು. ಆದರೆ ಆ ಕೈ ಹಿಡಿದು ಬಳಿಸಿದವರು ಹೀಗೆ ಬಣ್ಣ ಅಳೆಯುವ ಇವರೇ.