ಹಸಿರು ಬಾಗಿಲ ಮೇಲಿನ ಬರಹ

ನಮ್ಮ ಮನೆ ಮುಂದಿನ ಮಳಿಗೆಯಲ್ಲಿ ಬ್ಲೌಸ್ ಹೊಲಿಯುವ ಬಸವರಾಜೇಶ್ವರಿಯ ವಿಷಯ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ದಪ್ಪದಪ್ಪ ಬರುತ್ತೆ, ಬರೆಯೋಕೆ ಹೊತ್ತಾಗುತ್ತೆ. ಆದರೆ ಒಂದು ಸಲ ಕಣ್ಣಿಗೆ ಬಿದ್ದಿದ್ದು ನನ್ನ ತಲೆಯಿಂದ ಹೋಗಲ್ಲ. ಅವಳ ಹಳೇ ಗಂಡ ಗಿರಿರಾಜನಿಗೆ ಅದು ಗೊತ್ತಿರಲಿಲ್ಲ.

ಮೂಡಲಪಾಳ್ಯದಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದಾಗ ನಮ್ಮ ಯಜಮಾನರು ನಂಜುಂಡಪ್ಪ ಕಟ್ಟಿಸಿದ ಮನೆ ಇದು. ಮಳಿಗೆಗೆ ಈಗಿನ ಹಾಗೆ ಶಟರ್ ಇಲ್ಲ, ಎರಡು ರೆಕ್ಕೆಯ ಕಬ್ಬಿಣದ ಬಾಗಿಲು, ಹಸಿರು ಬಣ್ಣ. ತೆಗೆದರೆ ಹೊರಗಡೆ ಗೋಡೆಗೆ ಮುಖ ಮಾಡಿ ನಿಲ್ಲುತ್ತೆ. ಮುಚ್ಚಿದರೆ ಇಸ್ಕೂಲಿನ ಬೋರ್ಡಿನ ಹಾಗೆ ಇಡೀ ಬೀದಿಗೆ ಕಾಣುತ್ತೆ.

ರಾಜೇಶ್ವರಿ ನಾಲ್ಕು ವರ್ಷದ ಹಿಂದೆ ಒಂದು ಆಟೋದಲ್ಲಿ ಹೊಲಿಗೆ ಮಿಷನ್ನು, ಒಂದು ಟ್ರಂಕು ಹಾಕಿಕೊಂಡು ಬಂದಳು. ಹರಿಹರದ ಕಡೆಯವಳು. ಕುರುಬರಹಳ್ಳಿಗೆ ಸೊಸೆಯಾಗಿ ಬಂದು ಆರು ವರ್ಷ ಬಾಳಿದ್ದಳು. ಮಳಿಗೆ, ಹಿಂದುಗಡೆಯ ಒಂದು ರೂಮು, ಎರಡೂ ಕೇಳಿದಳು.

"ಯಜಮಾನರು ಇದಾರೇನಮ್ಮ?" ಅಂದೆ.

"ಇದ್ರು. ಈಗ ಕೋರ್ಟಿನ ಕಾಗದದಾಗೆ ಅದಾರ್ರಿ," ಅಂದಳು. ಆ ಮಾತಿಗೇ ನಾನು ಬೀಗದ ಕೈ ಕೊಟ್ಟೆ.

ಕೆಲಸ ಚೊಕ್ಕಟ. ಹಬ್ಬಕ್ಕೆ ಕೊಡ್ತೀನಿ ಅಂದರೆ ಹಬ್ಬದ ಹಿಂದಿನ ದಿನ ಕೊಡೋಳು. ಯಾರ ಬ್ಲೌಸಾದರೂ ಒಳಗೆ ಒಂದಿಷ್ಟು ಬಟ್ಟೆ ಮಡಿಸಿ ಬಿಟ್ಟಿರೋಳು. "ದಪ್ಪ ಆಗೋರು ಹೇಳಿ ಆಗ್ತಾರೇನಮ್ಮ," ಅಂತ ನಗೋಳು. ಚಂದ್ರಾ ಲೇಔಟಿನಿಂದೆಲ್ಲ ಹೆಂಗಸರು ಬರೋರು.

ಗಿರಿರಾಜ ಮೊದಲು ಫೋನ್ ಮಾಡುತ್ತಿದ್ದ. ಒಂದು ನಂಬರ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ. ಆಮೇಲೆ ಎದುರಿನ ಟೀ ಅಂಗಡಿಯಲ್ಲಿ ಬಂದು ನಿಲ್ಲೋಕೆ ಶುರು ಮಾಡಿದ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಶರ್ಟು. ಟೀ ಕುಡಿಯುತ್ತಾ ಇವಳನ್ನೇ ನೋಡೋನು. ನಾನೊಂದು ದಿನ ಹೋಗಿ, "ಇಲ್ಲೇನಪ್ಪ ಕೆಲಸ ನಿನಗೆ?" ಅಂದೆ.

"ರೋಡು ನಿಮ್ಮದಾ ಅಜ್ಜಿ?" ಅಂದ.

ಹೋದ ವರ್ಷ ಸಂಕ್ರಾಂತಿ ಕಳೆದು ನಾಲ್ಕನೇ ದಿನ ಬೆಳಿಗ್ಗೆ ಐದು ಗಂಟೆಗೆ ಬಾಗಿಲಿಗೆ ನೀರು ಹಾಕೋಕೆ ಹೊರಗೆ ಬಂದೆ. ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು. ಗಂಡನನ್ನು ಬಿಟ್ಟವಳು, ಬ್ಲೌಸ್ ಹೊಲಿಯೋದು ನೆಪ, ಒಳಗೆ ಬಂದು ರೇಟು ಕೇಳಿ ಅಂತ. ಇನ್ನೂ ಇತ್ತು, ಇಲ್ಲಿ ಬರೆಯಲ್ಲ. ನನಗೆ ಮೈಯೆಲ್ಲ ಉರಿಯಿತು. ಮನೆ ಮುಂದೆ ಇಂಥದ್ದು ಇಟ್ಟುಕೊಂಡು ರಂಗೋಲಿ ಹಾಕೋದು ಹೇಗೆ? ಬಕೆಟ್ ನೀರು ಎರಚಿ, ಪೊರಕೆಯಲ್ಲಿ ಉಜ್ಜಿ ತೊಳೆದುಬಿಟ್ಟೆ. ಏಳು ಚುಕ್ಕಿಯ ರಂಗೋಲಿ ಹಾಕಿ ಒಳಗೆ ಬಂದೆ. ಅವಳಿಗೆ ಹೇಳಲಿಲ್ಲ. ನೊಂದುಕೊಳ್ಳುತ್ತಾಳೆ, ಯಾಕೆ ಅಂತ.

ಮಾರನೇ ದಿನ ಮತ್ತೆ. ಮತ್ತೆ ತೊಳೆದೆ. ಹಾಗೇ ಹತ್ತೊಂಬತ್ತು ದಿನ ತೊಳೆದೆ. ನಾನು ಏಳೋಕೆ ಮುಂಚೆ ಹಾಲಿಗೆ ಹೋಗೋರು, ವಾಕಿಂಗ್ ಹೋಗೋರು ಓದಿರುತ್ತಾರೆ ಅನ್ನೋದು ಹೊಳೆಯಲೇ ಇಲ್ಲ. ಇತ್ತ ಅವಳ ಗಿರಾಕಿಗಳು ಒಬ್ಬೊಬ್ಬರೇ ಬಂದು, "ಹೊಲಿಯೋದು ಬೇಡ, ಬಟ್ಟೆ ವಾಪಸ್ ಕೊಟ್ಟುಬಿಡಿ," ಅಂತ ತಗೊಂಡು ಹೋಗೋರು. ಅವಳು ಮಿಷನ್ ಮುಂದೆ ಸುಮ್ಮನೆ ಕೂತಿರೋಳು. "ನಾನೇನು ಕೆಡಿಸಿದೆ ಅಮ್ಮ?" ಅಂತ ನನ್ನನ್ನೇ ಕೇಳಿದಳು. "ಬಾ, ಕಾಫಿ ಕುಡಿ," ಅಂದೆ.

ಇಪ್ಪತ್ತನೇ ದಿನ ಬೆಳಿಗ್ಗೆ ನಾನು ಕೆಂಗೇರಿಯಲ್ಲಿ ತಂಗಿ ಮನೆಯಲ್ಲಿದ್ದೆ, ಹಿಂದಿನ ದಿನವೇ ಹೋಗಿದ್ದೆ. ಅವತ್ತು ಬರಹ ಅವಳ ಕಣ್ಣಿಗೇ ಬಿತ್ತು. ಸೆರಗಿನಲ್ಲೇ ಒರೆಸಿಬಿಟ್ಟಿದ್ದಳು. ನಾನು ವಾಪಸ್ ಬಂದಾಗ ಟ್ರಂಕು ಕಟ್ಟುತ್ತಿದ್ದಳು. ನಾನು ದಿನಾ ಬಾಗಿಲು ಉಜ್ಜೋದು ಯಾಕೆ ಅಂತ ಅವಳಿಗೀಗ ಹೊಳೆದಿತ್ತು.

"ಎಷ್ಟು ದಿನದಿಂದ ಅಮ್ಮ?"

"ಹತ್ತೊಂಬತ್ತು. ಇವತ್ತಿಗೆ ಇಪ್ಪತ್ತು."

ಅವಳು ಟ್ರಂಕಿನ ಮೇಲೆ ಕೂತುಕೊಂಡಳು. "ನೀವು ಹೇಳಿದ್ರೆ ಹತ್ತೊಂಬತ್ತು ದಿನದ ಹಿಂದೇ ಅವನ್ನ ಹಿಡೀತಿದ್ದೆ. ಈಗ ನಾನು ಹರಿಹರಕ್ಕೆ ಹೋದ್ರೆ ಅವನು ಗೆದ್ದಂಗೆ. ಇದ್ರೆ ಕೈಯಾಗ ಕೆಲಸ ಇಲ್ಲ."

ಆ ಮಾತು ನನಗೆ ಚುಚ್ಚಿತು. ಕಾಪಾಡುತ್ತಿದ್ದೇನೆ ಅಂದುಕೊಂಡು ಅವನ ಕೊಳೆಯನ್ನು ನಾನೇ ಮುಚ್ಚಿಹಾಕಿದ್ದೆ. "ಟ್ರಂಕು ಬಿಚ್ಚು. ಚಪ್ಪಲಿ ಹಾಕ್ಕೋ, ಸ್ಟೇಷನ್ನಿಗೆ ಹೋಗೋಣ," ಅಂದೆ.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಅನಂತಲಕ್ಷ್ಮಿ ಅಂತ. ಚಿಕ್ಕ ವಯಸ್ಸು, ಮಾತು ಕಡಿಮೆ.

"ಅಜ್ಜಿ, ಫೋಟೋ?"

"ನಂದು ಬಟನ್ ಫೋನಮ್ಮ."

"ಬರೆದಿದ್ದು ಬಾಗಿಲ ಮೇಲಿದೆಯಾ?"

"ತೊಳೆದುಬಿಟ್ಟೆ."

"ಇಪ್ಪತ್ತು ದಿನವೂ?"

"ಹತ್ತೊಂಬತ್ತು ದಿನ ನಾನು. ಒಂದು ದಿನ ಇವಳು."

ಪಕ್ಕದಲ್ಲಿದ್ದ ಪೇದೆ ನಗು ತಡೆದುಕೊಂಡ. ಆಯಮ್ಮ ನಗಲಿಲ್ಲ. ಗಿರಿರಾಜನಿಗೆ ಫೋನ್ ಮಾಡಿ ಕರೆಸಿದರು. ಬಂದ, ವಿಭೂತಿ ಸಮೇತ. "ಮೇಡಂ, ನಾನ್ಯಾಕೆ ಅಲ್ಲಿಗೆ ಹೋಗ್ಲಿ? ಪ್ರೂಫ್ ಇದ್ರೆ ತೋರಿಸ್ಲಿ. ಅಜ್ಜಿಗೆ ವಯಸ್ಸಾಗಿದೆ, ಏನೋ ಕನಸು ಕಂಡಿರ್ಬೇಕು," ಅಂದ.

ಅಷ್ಟೇ ಸಾಕಾಯಿತು. "ಬರ್ಕೊಳ್ಳಿ ಮೇಡಂ," ಅಂದೆ. ಒಂದೊಂದು ದಿನ ಯಾವ ರಂಗೋಲಿ ಹಾಕಿದೆ ಅಂತ ನೆನೆದರೆ ಅವತ್ತು ಏನು ಬರೆದಿತ್ತು ಅನ್ನೋದು ತಾನಾಗೇ ಬರುತ್ತೆ ನನಗೆ. ಏಳು ಚುಕ್ಕಿ ಹಾಕಿದ ದಿನ ಇದು. ಶಂಖ ಹಾಕಿದ ದಿನ ಇದು. ಮಂಗಳವಾರ ಕಮಲ, ಅವತ್ತು ಇದು. ಹೊಲಸು ಮಾತನ್ನೆಲ್ಲ ಇದ್ದ ಹಾಗೇ, ಒಂದೂ ಬಿಡದೆ, ಗಟ್ಟಿಯಾಗಿ ಹೇಳಿದೆ. ನನ್ನ ವಯಸ್ಸಿನವಳ ಬಾಯಲ್ಲಿ ಅದನ್ನು ಕೇಳಿ ಠಾಣೆಯಲ್ಲಿ ಕೂತಿದ್ದವರೆಲ್ಲ ಅವನ ಕಡೆಗೇ ತಿರುಗಿದರು. ಅವನ ಕಿವಿ ಕೆಂಪಗಾಯಿತು. ಒಂಬತ್ತನೇ ದಿನದ್ದು ಹೇಳುವಾಗ, "ಹಂಗೆ ಬರೆದಿಲ್ಲ," ಅಂದುಬಿಟ್ಟ.

ಅನಂತಲಕ್ಷ್ಮಿ ತಲೆ ಎತ್ತಿ, "ಮತ್ತೆ ಹೆಂಗೆ ಬರ್ದಿದ್ರಿ?" ಅಂದರು.

ಅವನು ತೊದಲಿದ. ಆಮೇಲೆ ಏನೇನೋ ಹೇಳಿ ಮಾತು ತೇಲಿಸಿದ. ಅವತ್ತು ಅವನ ಕೈಯಲ್ಲೇ ಮುಚ್ಚಳಿಕೆ ಬರೆಸಿಕೊಂಡರು, ಇನ್ನು ಆ ಬೀದಿಗೆ ಕಾಲಿಡಲ್ಲ ಅಂತ. ಗುಂಡು ಗುಂಡು ಅಕ್ಷರ. ಅವನ ತಾಯಿ ಜಗದಾಂಬಾ ಕನ್ನಡ ಮೇಡಂ ಆಗಿ ರಿಟೈರಾದವರು. ಸೀಮೆಸುಣ್ಣಕ್ಕೆ ಆ ಮನೆಯಲ್ಲಿ ಕೊರತೆಯೇ ಇರಲಿಲ್ಲವಂತೆ.

ಹೊರಗೆ ಬರುವಾಗ ಅನಂತಲಕ್ಷ್ಮಿ ನನ್ನನ್ನು ಕರೆದು, "ಅಜ್ಜಿ, ಇನ್ನೊಂದು ಸಲ ಬರೆದ್ರೆ ಬಾಗಿಲಿಗೆ ನೀರು ಮುಟ್ಟಿಸ್ಬೇಡಿ. ನೂರಾ ಹನ್ನೆರಡಕ್ಕೆ ಫೋನ್ ಮಾಡಿ," ಅಂದರು.

ಮುಚ್ಚಳಿಕೆ ಬರೆದುಕೊಟ್ಟವನು ಸುಮ್ಮನಿರುತ್ತಾನೆ ಅಂತ ನಾನು ನಂಬಲಿಲ್ಲ. ನಿಜ ಹೇಳಬೇಕಂದರೆ ಸುಮ್ಮನಿರೋದು ನನಗೆ ಬೇಕೂ ಇರಲಿಲ್ಲ. ದಿನಾ ನಾಲ್ಕೂವರೆಗೆ ಎದ್ದು, ಸಗಣಿ ಕದಡಿದ ನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಮಳಿಗೆ ಬಾಗಿಲು ಓರೆಯಾಗಿ ಕಾಣುವ ನಡುಮನೆಯ ಕಿಟಕಿಯ ಹತ್ತಿರ ಕೂರುತ್ತಿದ್ದೆ. ರಾಜೇಶ್ವರಿ ಕಾಫಿ ತಂದು ಕೊಡೋಳು. "ಬಾಗಿಲಿಗೆ ಬೀಳದಂಗೆ ಹಾಕ್ತೀರೇನಮ್ಮ?" ಅಂತ ಕೇಳೋಳು.

"ಐವತ್ತು ವರ್ಷ ನೀರು ಹಾಕಿದೀನಿ ಕಣೇ. ನಂಗೆ ಹೇಳಿಕೊಡ್ತೀಯಾ?" ಅಂತಿದ್ದೆ.

ಹನ್ನೆರಡನೇ ದಿನ ಗುರುವಾರ ಬಂದ. ಸ್ಕೂಟರನ್ನು ಎಂಜಿನ್ ಆರಿಸಿ ತಳ್ಳಿಕೊಂಡು ಬಂದ. ಬೆನ್ನು ಬೀದಿಗೆ, ಮುಖ ಬಾಗಿಲಿಗೆ. ನಾನು ಅವಸರ ಮಾಡಲಿಲ್ಲ. ಎರಡು ಸಾಲು ಪೂರ್ತಿ ಬರೆಯಲಿ ಅಂತ ಬಿಟ್ಟೆ. ಮೂರನೇ ಸಾಲು ಅರ್ಧ ಆದಾಗ ಮೆಟ್ಟಿಲು ಇಳಿದು ಹೋಗಿ, "ಏನಪ್ಪ, ಪಾಠ ಮುಗೀತಾ?" ಅಂದೆ. ಬೆಚ್ಚಿ ಬಾಗಿಲು ಬಿಟ್ಟು ರೋಡಿನ ಕಡೆ ಹಾರಿದ. ಆಗ ಬಕೆಟ್ ಪೂರ್ತಿ ಮುಖದ ಮೇಲೆ. ಬಾಗಿಲಿಗೆ ಒಂದು ಹನಿ ಬೀಳಲಿಲ್ಲ. ಕಣ್ಣುಜ್ಜಿಕೊಂಡು ಜಾರಿ ಬಿದ್ದ. ಅಷ್ಟರಲ್ಲಿ ರಾಜೇಶ್ವರಿ ಹಿಂದಿನಿಂದ ಬಂದು ಸ್ಕೂಟರಿನ ಕೀ ಕಿತ್ತುಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಫೋನು. ಸದ್ದಿಗೆ ಅಕ್ಕಪಕ್ಕದವರು ಎದ್ದು ಬಂದು ಸುತ್ತ ನಿಂತರು. ಪೊಲೀಸ್ ಗಾಡಿ ಬರೋವರೆಗೆ ಅವನು ಸಗಣಿ ನೀರಿನಲ್ಲೇ ಕೂತಿದ್ದ. ಒರೆಸಿಕೊಳ್ಳೋಕೆ ಯಾರೂ ಒಂದು ಬಟ್ಟೆ ಕೊಡಲಿಲ್ಲ. ಟೈಲರ್ ಅಂಗಡಿ ಮುಂದೆ, ನೋಡಿ.

ಮಹಜರು ಆಯಿತು, ಫೋಟೋ ತೆಗೆದರು, ಎಫ್‌ಐಆರ್ ಆಯಿತು. ಮುಚ್ಚಳಿಕೆಯ ಅಕ್ಷರವೂ ಬಾಗಿಲ ಅಕ್ಷರವೂ ಒಂದೇ. ಅವನು ಜಾಮೀನಿನ ಮೇಲೆ ಹೊರಗೆ ಬಂದ. ಇನ್ನು ಒರೆಸಬಹುದು ಅಂತ ಪೊಲೀಸರು ಹೇಳಿದರು. ರಾಜೇಶ್ವರಿ ಒರೆಸಲಿಲ್ಲ. ಸೀರೆಗೆ ಹಾಕುವ ಪ್ಲಾಸ್ಟಿಕ್ ಕವರನ್ನು ಕತ್ತರಿಸಿ, ಬರಹದ ಮೇಲೆ ಟೇಪಿನಲ್ಲಿ ಅಂಟಿಸಿದಳು.

ಯಾಕೆ ಅಂತ ಆಮೇಲೆ ತಿಳಿಯಿತು. ಮೊದಲು ರಾಜಿಗೆ ಬಂದವರು ಶಂಭುಲಿಂಗಪ್ಪ, ಇವರ ಮದುವೆಗೆ ಮಾತುಕತೆ ನಡೆಸಿದ ಹಿರಿಯರು. "ನೋಡು ತಾಯಿ, ಅವನಿಗೆ ಬೇರೆ ಹೆಣ್ಣು ಗೊತ್ತಾಗೋ ಹೊತ್ತು. ಹುಡುಗಾಟಕ್ಕೆ ಏನೋ ನಾಲ್ಕಕ್ಷರ ಬರ್ದ. ಕೇಸು ಹಿಂದಕ್ಕೆ ತಗೋ," ಅಂದರು. ರಾಜೇಶ್ವರಿ ಎದ್ದು ಅವರನ್ನು ಹೊರಗೆ ಕರೆದುಕೊಂಡು ಹೋದಳು. ಬಾಗಿಲ ಎರಡೂ ರೆಕ್ಕೆ ಎಳೆದು ಮುಚ್ಚಿ, "ಓದ್ರಿ ಸ್ವಾಮಿ. ಆಮೇಲೆ ಮಾತಾಡೋಣ," ಅಂದಳು. ಅವರು ಕನ್ನಡಕ ಹಾಕಿದರು, ತೆಗೆದರು. ಹೊರಟುಹೋದರು.

ಹತ್ತು ದಿನಕ್ಕೆ ಜಗದಾಂಬಾ ಬಂದರು. ಸಂಸಾರ ಮಾಡುವಾಗ ಇವಳಿಗೆ, "ನಿನಗೆ ನಾಲ್ಕಕ್ಷರ ಬರಲ್ಲ, ನನ್ನ ಮಗನ ಪಕ್ಕ ನಿಲ್ಲೋ ಯೋಗ್ಯತೆ ಇಲ್ಲ," ಅಂತಿದ್ದವರು ಇವರೇ. ಗಿರಿರಾಜನಿಗೆ ನೋಡಿದ್ದ ಹೊಸ ಹೆಣ್ಣಿನ ಕಡೆಯವರು ಸುದ್ದಿ ತಿಳಿದು ಹಿಂದೆ ಸರಿದಿದ್ದರು. ಮೇಡಂ ಕೈಯಲ್ಲಿ ಹಣ್ಣಿನ ಚೀಲ.

ರಾಜೇಶ್ವರಿ ಬಾಗಿಲು ಮುಚ್ಚಿದಳು. "ನಂಗೆ ಅಕ್ಷರ ಬರಲ್ಲ ಅತ್ತೆ. ನೀವು ಓದಿ ಹೇಳ್ರಿ. ನೀವು ತಿದ್ದಿಸಿದ ಅಕ್ಷರಾನೇ."

ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು. ಮೇಡಂ ಮೊದಲ ಪದ ಓದಿದರು. ಎರಡನೆಯದಕ್ಕೆ ಬಾಯಿ ನಿಂತಿತು. ರಾಜೇಶ್ವರಿ ಕಾಯುತ್ತಾ ನಿಂತಳು, ಪಾಠ ಒಪ್ಪಿಸದ ಹುಡುಗನ ಮುಂದೆ ಮೇಡಂ ನಿಲ್ಲುವ ಹಾಗೆ. ಕೊನೆಗೆ ಅವರು ಹಣ್ಣಿನ ಚೀಲ ಕೆಳಗಿಟ್ಟು, ಹೆಗಲ ಬ್ಯಾಗಿನಿಂದ ಕರ್ಚೀಫ್ ತೆಗೆದು, ಪ್ಲಾಸ್ಟಿಕ್ ಎಬ್ಬಿಸಿ ಒರೆಸೋಕೆ ಕೈ ಎತ್ತಿದರು.

"ಮುಟ್ಟಬೇಡಿ," ಅಂದೆ ನಾನು. "ಇಪ್ಪತ್ತು ದಿನ ಬೇರೆಯವರು ಒರೆಸಿ ಆಯ್ತು."

ಅವರು ಹಣ್ಣನ್ನು ಬಿಟ್ಟೇ ಹೋದರು. ನಮ್ಮ ಬೀದಿಯ ಹಸು ತಿಂದಿತು.

ಗಿರಾಕಿಗಳು ಒಬ್ಬೊಬ್ಬರೇ ವಾಪಸ್ ಬಂದಿದ್ದಾರೆ. ಬಟ್ಟೆ ಹಿಂದಕ್ಕೆ ತಗೊಂಡು ಹೋಗಿದ್ದವರ ಬ್ಲೌಸಿಗೆ ಈಗ ರಾಜೇಶ್ವರಿ ಒಳಗೆ ಬಟ್ಟೆ ಬಿಡಲ್ಲ. ದಪ್ಪ ಆದರೆ ಹೊಸದು ಹೊಲಿಸಿಕೊಳ್ಳಲಿ ಅಂತಾಳೆ. ಕೇಸು ಇನ್ನೂ ನಡೆಯುತ್ತಿದೆ. ನಾನು ಸಾಕ್ಷಿ. ಮೊನ್ನೆ ಅವಳೇ, "ಅಮ್ಮ, ನನ್ನ ಸಿಟ್ಟು ಇಳೀತು, ಒರೆಸಿಬಿಡ್ರಿ," ಅಂದಳು. ನಾನು ಒಪ್ಪಲಿಲ್ಲ. ತೀರ್ಪು ಬಂದ ದಿನ ಅವನೇ ಬಂದು, ಬೆಳಕಿನಲ್ಲಿ, ಎಲ್ಲರ ಎದುರಿಗೆ ಒರೆಸಲಿ. ಬಕೆಟ್ ನಾನು ಕೊಡುತ್ತೇನೆ. ಅಲ್ಲಿಯವರೆಗೆ ದಿನಾ ಐದು ಗಂಟೆಗೆ ಆ ಬಾಗಿಲಿಗೆ ಒಂದು ಗೇಣು ಬಿಟ್ಟು ನೀರು ಹಾಕುತ್ತೇನೆ.