ಕಣ್ಣು ಕಟ್ಟಿಕೊಂಡ ಹೆಂಗಸಿನ ಕಾರ್ಡು

ಆಗ ನಾನು ಆಂಧ್ರದ ಆದೋನಿಯಿಂದ ದಿನಾ ಬಸ್ಸು ಹತ್ತಿ ಹಾಲಹರವಿ ಕಡೆಯ ಒಂದು ಕನ್ನಡ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಪಾಠಕ್ಕಿಂತ ಫೋನೇ ಹೆಚ್ಚಾಗಿತ್ತು. ಹಾಜರಿ, ಮಧ್ಯಾಹ್ನದ ಊಟದ ಮೊಟ್ಟೆ, ಶೌಚಾಲಯ, ಎಲ್ಲದರ ಫೋಟೊ ತೆಗೆದು ಏರಿಸಬೇಕು. ಒಂದೇ ಆದೇಶ ತೆಲುಗಿನಲ್ಲಿ ನಾಲ್ಕು ವಾಟ್ಸ್ಆ್ಯಪ್ ಗುಂಪುಗಳಿಗೆ ಬರುತ್ತಿತ್ತು. ನಡುನಡುವೆ ಯಾರದೋ ಹುಟ್ಟುಹಬ್ಬ, ಯಾರದೋ ಸಾವು, ಸಕ್ಕರೆ ಕಾಯಿಲೆಗೆ ಬೇವಿನ ಕಷಾಯ. ಒಂದು ದಿನ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿ ನಡುವೆಯೇ ನಿಲ್ಲಿಸಿ, "ಟೀಚರ್, ನೀವು ಕೇಳಾಕತ್ತಿಲ್ಲ" ಎಂದಳು. ನಾನು ನಿಜಕ್ಕೂ ಕೇಳುತ್ತಿರಲಿಲ್ಲ.

ಇದನ್ನು ಹೇಳಿಕೊಂಡಾಗ ನನ್ನ ಜೊತೆಯ ಶಿಕ್ಷಕಿ ತನ್ನ ಟ್ಯಾರೋ ಕಾರ್ಡುಗಳ ಕಟ್ಟು ಕೊಟ್ಟಳು.

"ಭವಿಷ್ಯಾ ಗಿವಿಷ್ಯಾ ಅಲ್ರಿ ಇದು. ಸಂಜೀಕ ಫೋನ್ ಆ ಕಡಿ ಇಟ್ಟು ಒಂದು ಕಾರ್ಡ್ ತಗೀರಿ. ಚಿತ್ರ ನೋಡಿ ಏನು ಹೊಳೀತೈತೋ ಬರೀರಿ. ತಲಿ ಹಗುರಾಗತೈತಿ."

ಹಗುರಾಯಿತು. ಅದೇ ನನಗೆ ಇವತ್ತಿಗೂ ಕಹಿ.

ಒಂದು ಕಾರ್ಡು ಮತ್ತೆ ಮತ್ತೆ ಬರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎದೆಯ ಮೇಲೆ ಎರಡು ಕತ್ತಿ ಅಡ್ಡ ಹಿಡಿದು ಕೂತ ಹೆಂಗಸು. "ಈಕೆ ಸೋತಿಲ್ಲ. ಎಲ್ಲವನ್ನೂ ನೋಡಲಾರೆ ಎಂದು ತಾನೇ ಕಣ್ಣು ಕಟ್ಟಿಕೊಂಡಿದ್ದಾಳೆ" ಎಂದು ನೋಟುಬುಕ್ಕಿನಲ್ಲಿ ಬರೆದೆ. ಬರೆದದ್ದು ನನಗೇ ಬಹಳ ಹಿಡಿಸಿತು. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ: ವಾಯ್ಸ್ ಮೆಸೇಜು ತೆರೆಯುವುದಿಲ್ಲ, ಸರಿ ಎನ್ನುವ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಮುಂದೆ ಹೋಗುವುದು. ಯಾರೂ ಆಕ್ಷೇಪಿಸಲಿಲ್ಲ.

ನಾಗಲದಿನ್ನೆಯಲ್ಲಿರುವ ನನ್ನ ಅಕ್ಕನಿಗೆ ಓದು ಬರಹ ಬಾರದು. ಪಕ್ಕದ ಮನೆಯವರಿಂದ ಗುಂಡಿ ಒತ್ತಿ ಮಾತಾಡುವುದನ್ನು ಕಲಿತಿದ್ದಳು. ಎಮ್ಮೆಯಿಂದ ಶುರುವಾಗಿ ಮೊಣಕಾಲಿನವರೆಗೆ ಎಲ್ಲ ಹೇಳುವಳು. ಒಂದು ಬೆಳಿಗ್ಗೆ ಅವಳಿಂದ ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಬಂತು. ಹೆಬ್ಬೆಟ್ಟು ಕಳಿಸಿದೆ.

ಹನ್ನೆರಡು ದಿನದ ಮೇಲೆ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದ ಭಾವ ಫೋನ್ ಮಾಡಿದ. "ಆಪರೇಷನ್ ದಿನ ನೀ ಆಕಿ ಜೋಡಿ ಇದ್ದಿಯಂತಲ್ಲ, ಭೇಷ್ ಆತು. ಈಗ ಹೆಂಗದಾಳ ಆಕಿ?"

ಯಾವ ಆಪರೇಷನ್ನೋ ನನಗೆ ಗೊತ್ತೇ ಇರಲಿಲ್ಲ; ನಾನು ಜೊತೆಗಿರಲಿಲ್ಲವೆಂದು ಅಕ್ಕ ಗಂಡನಿಗೆ ಹೇಳಿರಲಿಲ್ಲ. ಏನೋ ಉತ್ತರಿಸಿ ಫೋನಿಟ್ಟು, ಅವಳ ಮೆಸೇಜು ಹುಡುಕಿ ತೆರೆದೆ. ಎರಡು ನಿಮಿಷ ಎಮ್ಮೆಯದೇ ಮಾತು. ಆಮೇಲೆ ದನಿ ಇಳಿಯಿತು. "ಗರ್ಭಕೋಶ ತೆಗೀಬೇಕಂತ. ಸೋಮವಾರ ಕರ್ನೂಲು ದವಾಖಾನಿಗೆ ಬಾ ಅಂದಾರ. ಒಬ್ಬಾಕಿಗೇ ಭಯ ಆಗತೈತಿ. ಎಮ್ಮಿಗನೂರು ಬಸ್ ಸ್ಟ್ಯಾಂಡಿಗೆ ಬರ್ತೀಯೇನು?"

ಅದರ ಕೆಳಗೆ ನನ್ನ ಹಳದಿ ಹೆಬ್ಬೆಟ್ಟು.

ಅವತ್ತೇ ನಾಗಲದಿನ್ನೆಗೆ ಹೋದೆ. ಅಕ್ಕ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗುಂಪುಗಳು, ಕಾರ್ಡು, ನಿಯಮ, ಏನನ್ನೂ ಮುಚ್ಚಿಡದೆ ಹೇಳಿದೆ.

"ಎಲ್ಲಿ, ಆ ಕಾರ್ಡು ತೋರ್ಸು" ಎಂದಳು.

ಚೀಲದಿಂದ ತೆಗೆದು ಕೊಟ್ಟೆ. ಬಹಳ ಹೊತ್ತು ನೋಡಿದಳು.

"ಈಕಿ ಕಣ್ಣು ಕಟ್ಟಿಕೊಂಡಾಳ. ಕಿವಿ ಕಟ್ಟಿಕೊಂಡಿಲ್ಲ."

ಕಾರ್ಡನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಹೆಬ್ಬೆಟ್ಟು ಕಳಿಸಿದ್ದಿ ಅಲ್ಲ, ಬರ್ತೀ ಅಂತ ಮೂರು ಬಸ್ ಬಿಟ್ಟೆ. ದವಾಖಾನ್ಯಾಗ ನಿಮ್ಮ ಕಡೇರು ಯಾರು ಅಂದ್ರು. ತಂಗಿ ಬರಾಕತ್ತಾಳ ಅಂದೆ."

ಮರುದಿನ ಕಟ್ಟನ್ನು ಆ ಶಿಕ್ಷಕಿಗೆ ಹಿಂತಿರುಗಿಸಿದೆ. "ತಪ್ಪು ಕಾರ್ಡಿಂದು ಅಲ್ರಿ" ಎಂದಳು. ಅದು ನನಗೂ ಗೊತ್ತಿತ್ತು. ಕಾರ್ಡು ಏನನ್ನೂ ಹೇಳಿರಲಿಲ್ಲ. ನನಗೆ ಅನುಕೂಲವಾದದ್ದನ್ನು ನಾನೇ ಬರೆದುಕೊಂಡು, ಅದಕ್ಕೆ ಮನಶ್ಶಾಂತಿ ಎಂದು ಹೆಸರಿಟ್ಟಿದ್ದೆ. ಗುಂಪುಗಳಲ್ಲಿ ಇವತ್ತಿಗೂ ಇದ್ದೇನೆ. ಒಂದರಿಂದ ಹೊರಬಂದರೆ ಸಂಜೆಯೊಳಗೆ ಮತ್ತೆ ಸೇರಿಸುತ್ತಾರೆ. ಅಕ್ಕನ ದನಿ ಮಾತ್ರ ಬರುವುದಿಲ್ಲ.

ಅಕ್ಕನ ಮುಂದಿನ ತಪಾಸಣೆಗೆ ಅವಳು ಕರೆಯದಿದ್ದರೂ ಜೊತೆಗೆ ಹೋದೆ. ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಇಬ್ಬರೂ ಕೂಡಿ ಬಂದವರೇ ಎಂದು ಕಂಡಕ್ಟರ್ ತೆಲುಗಿನಲ್ಲಿ ಕೇಳಿದ.

"ಕಾದು, ವೇರೇ ವೇರೇ", ಅಲ್ಲ, ಬೇರೆ ಬೇರೆ ಎಂದು ಅಕ್ಕ ತೆಲುಗಿನಲ್ಲೇ ಹೇಳಿ, ಹೆಂಗಸರ ಉಚಿತ ಟಿಕೆಟಿಗೆ ತನ್ನ ಆಧಾರ್ ಕಾರ್ಡನ್ನು ಮಾತ್ರ ಮುಂದೆ ಚಾಚಿದಳು.